ಟಿವಿ ಬಳಸದ ತರಂಗಾಂತರದಲ್ಲಿ ಹಳ್ಳಿಗೆ ಇಂಟರ್‌ನೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಟಿವಿ ಪ್ರಸಾರಕ್ಕೆಂದು ಮೀಸಲಿಟ್ಟು, ಬಹುತೇಕ ಊರುಗಳಲ್ಲಿ ಯಾರೂ ಬಳಸದೇ ಬಿಟ್ಟಿರುವ ತರಂಗಾಂತರದಿಂದ ಹಳ್ಳಿಗಳಿಗೆ ಇಂಟರ್‌ನೆಟ್ ತಲುಪಿಸಬಹುದು. ಹೀಗೆಂದರೆ ಪಂಚಾಯಿತಿ ಸದಸ್ಯರು, ಶಾಲಾ ಶಿಕ್ಷಕರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅವಕ್ಕೆ ಇಲ್ಲಿ ಉತ್ತರಗಳಿವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಈ ತಂತ್ರಜ್ಞಾನ ಕೆಲಸ ಮಾಡುತ್ತದೆ ಎಂಬುದು ಸಾಬೀತಾಗಿ ಹತ್ತು ವರ್ಷಗಳ ಮೇಲಾಯಿತು. ನಮ್ಮಲ್ಲಿ ಅಡ್ಡವಾಗಿರುವುದು ಅನುಮತಿಯ ಪ್ರಶ್ನೆ.

ಟಿವಿ ವೈಟ್ ಸ್ಪೇಸ್ ಎಂದರೆ ಏನು?

ಟಿವಿ ಚಾನೆಲ್ ಒಂದು ಗೋಪುರದಿಂದ ಪ್ರಸಾರವಾಗಬೇಕಾದರೆ ಅದಕ್ಕೆ ತರಂಗಾಂತರದ ಒಂದು ತುಂಡು ಬೇಕು. ಅಮೆರಿಕದಲ್ಲಿ ಆ ತುಂಡಿನ ಅಗಲ 6 ಮೆಗಾಹರ್ಟ್ಸ್, ನಮ್ಮಲ್ಲಿ ಯುಎಚ್‌ಎಫ್ ಎಂಬ ಟಿವಿ ತರಂಗಾಂತರದ ಪಟ್ಟಿಯಲ್ಲಿ (ಬ್ಯಾಂಡ್) 8 ಮೆಗಾಹರ್ಟ್ಸ್. ಅಕ್ಕಪಕ್ಕದ ಎರಡು ನಗರಗಳು ಒಂದೇ ತುಂಡಿನಲ್ಲಿ ಪ್ರಸಾರ ಮಾಡಿದರೆ ನಡುವಿನ ಊರುಗಳ ಟಿವಿಯಲ್ಲಿ ಎರಡೂ ಕಲಸಿಹೋಗುತ್ತವೆ. ಹಾಗಾಗದಿರಲಿ ಎಂದು ಪ್ರತಿ ಪ್ರದೇಶದಲ್ಲೂ ಕೆಲವು ತುಂಡುಗಳನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ನಗರದಿಂದ ದೂರ ಹೋದಷ್ಟೂ ಗೋಪುರಗಳು ಕಡಿಮೆಯಾಗುತ್ತವೆ, ಖಾಲಿ ತುಂಡುಗಳು ಹೆಚ್ಚುತ್ತವೆ. ಆ ಖಾಲಿ ತುಂಡುಗಳೇ ಟಿವಿ ವೈಟ್ ಸ್ಪೇಸ್.

ನಮ್ಮ ಮನೆಯಲ್ಲಿ ನೂರಾರು ಚಾನೆಲ್ ಬರುತ್ತವೆ. ಹಾಗಿದ್ದರೆ ತರಂಗಾಂತರ ಖಾಲಿ ಇರುವುದು ಹೇಗೆ?

ಆ ನೂರಾರು ಚಾನೆಲ್‌ಗಳು ನಿಮ್ಮ ಮನೆಗೆ ಕೇಬಲ್‌ನಲ್ಲೋ ಡಿಟಿಎಚ್ ತಟ್ಟೆಯಲ್ಲೋ ಬರುತ್ತವೆ. ಡಿಟಿಎಚ್ ಬಳಸುವುದು ಉಪಗ್ರಹದ ಬೇರೆಯೇ ತರಂಗಾಂತರವನ್ನು. ನೆಲದ ಮೇಲಿನ ಗೋಪುರದಿಂದ ಟಿವಿ ಪ್ರಸಾರ ಮಾಡುವ ಅವಕಾಶ ಭಾರತದಲ್ಲಿ ಇರುವುದು ದೂರದರ್ಶನಕ್ಕೆ ಮಾತ್ರ. ಖಾಸಗಿ ವಾಹಿನಿಗಳಿಗೆ ಆ ಬಾಗಿಲು ತೆರೆಯಲೇ ಇಲ್ಲ. ಅಮೆರಿಕದಲ್ಲಿ ಹತ್ತಾರು ಖಾಸಗಿ ಕೇಂದ್ರಗಳ ನಡುವೆ ಸಂದುಗಳನ್ನು ಹುಡುಕಬೇಕಾದರೆ, ಇಲ್ಲಿ ಪಟ್ಟಿಗೆ ಪಟ್ಟಿಯೇ ಖಾಲಿ.

ಐಐಟಿ ಬಾಂಬೆಯ ಸಂಶೋಧಕರು ದೂರದರ್ಶನದ ಪ್ರಸಾರ ಗೋಪುರಗಳ ಮಾಹಿತಿಯನ್ನು ಇಟ್ಟುಕೊಂಡು ಇದನ್ನು ಲೆಕ್ಕ ಹಾಕಿ 2014ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು 470ರಿಂದ 590 ಮೆಗಾಹರ್ಟ್ಸ್ ನಡುವಿನ 15 ಚಾನೆಲ್‌ಗಳನ್ನು, ಅಂದರೆ 120 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು. ದೇಶದಲ್ಲಿ ಸರಾಸರಿ 100 ಮೆಗಾಹರ್ಟ್ಸ್‌ಗೂ ಹೆಚ್ಚು ಬಳಕೆಯಾಗದೇ ಉಳಿದಿತ್ತು. ಅದು ಅನಲಾಗ್ (ಡಿಜಿಟಲ್‌ಗೆ ಮುಂಚಿನ ಬಗೆಯ) ಗೋಪುರಗಳು ಇನ್ನೂ ಓಡುತ್ತಿದ್ದ ಕಾಲದ ಲೆಕ್ಕ. 2021-22ರಲ್ಲಿ ದೂರದರ್ಶನವನ್ನು ನಡೆಸುವ ಪ್ರಸಾರ ಭಾರತಿ ಆಯ್ದ ಕೆಲವು ಆಯಕಟ್ಟಿನ ಸ್ಥಳಗಳನ್ನು ಬಿಟ್ಟು ಉಳಿದ ಅನಲಾಗ್ ಪ್ರಸಾರವನ್ನೆಲ್ಲ ನಿಲ್ಲಿಸಿತು.

ಇಂಟರ್‌ನೆಟ್‌ಗೆ ಈ ತರಂಗಾಂತರವೇ ಏಕೆ ಬೇಕು? ವೈ-ಫೈ ಇದೆಯಲ್ಲ?

ವೈ-ಫೈ ಸಾಮಾನ್ಯವಾಗಿ ಕೆಲಸ ಮಾಡುವುದು 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ. ಅಲ್ಲಿ ಅಲೆಯ ಉದ್ದ ಕ್ರಮವಾಗಿ ಸುಮಾರು 12 ಮತ್ತು 6 ಸೆಂಟಿಮೀಟರ್. 500 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 60 ಸೆಂಟಿಮೀಟರ್. ಅಲೆ ಉದ್ದವಾದಷ್ಟೂ ಎಲೆ, ಕೊಂಬೆ, ಗೋಡೆಗಳ ನಡುವೆ ನುಸುಳಿ ಮುಂದೆ ಹೋಗುವುದು ಸುಲಭ. ಗುಡ್ಡದ ನೆತ್ತಿಯಲ್ಲಿ ಸ್ವಲ್ಪ ಬಾಗಿ ಆಚೆ ಇಳಿಯುವ ಗುಣವೂ ಉದ್ದ ಅಲೆಗೆ ಹೆಚ್ಚು. ಒಂದೇ ಬಗೆಯ ಸಾಮರ್ಥ್ಯದ ಆ್ಯಂಟೆನಾ ಬಳಸಿ, ಅಷ್ಟೇ ದೂರಕ್ಕೆ, ಅಷ್ಟೇ ಶಕ್ತಿಯಲ್ಲಿ ಕಳಿಸಿದರೆ ಬಯಲಿನಲ್ಲೂ 500 ಮೆಗಾಹರ್ಟ್ಸ್‌ನ ಸಂಕೇತ 2.4 ಗಿಗಾಹರ್ಟ್ಸ್‌ಗಿಂತ ಸುಮಾರು 23 ಪಟ್ಟು ಬಲವಾಗಿ ತಲುಪುತ್ತದೆ. ನಡುವೆ ತೋಟವೋ ಕಾಡೋ ಬಂದರೆ ಅಂತರ ಇನ್ನೂ ಹೆಚ್ಚು.

5 ಗಿಗಾಹರ್ಟ್ಸ್‌ನ ಸಂಪರ್ಕಕ್ಕೆ ಎರಡೂ ತುದಿಗಳು ಒಂದನ್ನೊಂದು ನೇರವಾಗಿ ನೋಡುತ್ತಿರಬೇಕು. ಬಯಲುಸೀಮೆಯಲ್ಲಿ ಅದು ಸಾಧ್ಯ. ಶೃಂಗೇರಿ, ಹೊಸನಗರ, ಯಲ್ಲಾಪುರದ ಕಡೆ ಎತ್ತರದ ಅಡಿಕೆ ಮರಗಳ ನಡುವೆ ಒಂದೊಂದು ಮನೆ ಇರುವ ಕಡೆ ನೇರ ನೋಟವನ್ನು ಎಲ್ಲಿಂದ ತರುವುದು? ಮರದ ತಲೆ ದಾಟುವಷ್ಟು ಎತ್ತರದ ಕಂಬವನ್ನು ಪ್ರತಿ ಮನೆಗೂ ನೆಡಬೇಕಾಗುತ್ತದೆ, ಕಂಬದ ಖರ್ಚೇ ಉಪಕರಣದ ಖರ್ಚನ್ನು ಮೀರುತ್ತದೆ. ಟಿವಿ ತರಂಗಾಂತರ ಬೇಕಾಗುವುದು ಇಂಥ ಕಡೆಗೇ.

ಹಳ್ಳಿಗೆ ದೂರದಿಂದ ಸಂಕೇತ ತಲುಪಿಸಲು ಯುಎಚ್‌ಎಫ್ ಬಳಸಿದ್ದು ಕರ್ನಾಟಕಕ್ಕೆ ಹೊಸತೂ ಅಲ್ಲ. 1975-76ರ ಸೈಟ್ (ಉಪಗ್ರಹದ ಮೂಲಕ ಬೋಧನಾ ಟಿವಿ) ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹ ಕಲಬುರಗಿ, ರಾಯಚೂರು, ವಿಜಯಪುರ ಭಾಗದ ಹಳ್ಳಿಗಳ ಸಮುದಾಯ ಟಿವಿಗಳಿಗೆ ಕಾರ್ಯಕ್ರಮ ಇಳಿಸಿದ್ದು 860 ಮೆಗಾಹರ್ಟ್ಸ್‌ನಲ್ಲಿ. ಅದನ್ನು ಹಿಡಿಯುತ್ತಿದ್ದುದು ತಂತಿ ಬಲೆಯಿಂದ ಮಾಡಿದ ತಟ್ಟೆಗಳು.

ಇಂಟರ್‌ನೆಟ್ ನಮ್ಮ ಮನೆಯವರೆಗೆ ಬರುವುದು ಹೇಗೆ? ಫೋನಿನಲ್ಲಿ ನೇರವಾಗಿ ಸಿಗುತ್ತದೆಯೇ?

ನೇರವಾಗಿ ಸಿಗುವುದಿಲ್ಲ. ಇದು ಮೊಬೈಲ್ ಟವರ್‌ಗೆ ಬದಲಿ ಎಂದು ತಿಳಿದರೆ ಮುಂದೆ ನಿರಾಸೆಯಾಗುತ್ತದೆ.

ಸಾಮಾನ್ಯ ಏರ್ಪಾಡು ಹೀಗಿರುತ್ತದೆ. ಫೈಬರ್ ಬಂದು ನಿಂತ ಜಾಗದಲ್ಲಿ, ಅದು ಪಂಚಾಯಿತಿ ಕಚೇರಿಯೇ ಆಗಿರಬಹುದು, ಒಂದು ಕಂಬ ಅಥವಾ ಗೋಪುರದ ಮೇಲೆ ಮೂಲ ಕೇಂದ್ರ ಇರುತ್ತದೆ. ಕೆಲವು ಕಿಲೋಮೀಟರ್ ಆಚೆಯ ಶಾಲೆ, ಆಸ್ಪತ್ರೆ, ಹಾಲಿನ ಡೇರಿ ಅಥವಾ ಮನೆಯ ಸೂರಿನ ಮೇಲೆ ಗ್ರಾಹಕರ ಕಡೆಯ ಆ್ಯಂಟೆನಾ ಇರುತ್ತದೆ. ಹಿಂದೆ ದೂರದರ್ಶನ ಹಿಡಿಯಲು ಹೆಂಚಿನ ಮೇಲೆ ನಿಲ್ಲಿಸುತ್ತಿದ್ದ, ಅಡ್ಡಡ್ಡ ಅಲ್ಯೂಮಿನಿಯಂ ಕಡ್ಡಿಗಳ ಯಾಗಿ ಆ್ಯಂಟೆನಾ ನೆನಪಿದೆಯಲ್ಲ, ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆಗಿನ ದೂರದರ್ಶನ ಹೆಚ್ಚಾಗಿ ಬರುತ್ತಿದ್ದುದು ಇನ್ನೂ ಉದ್ದದ ಅಲೆಗಳಲ್ಲಿ, ಆದ್ದರಿಂದ ಇದರ ಕಡ್ಡಿಗಳು ಅದಕ್ಕಿಂತ ಗಿಡ್ಡ. ಇನ್ನೊಂದು ವ್ಯತ್ಯಾಸ ಏನೆಂದರೆ ಅದು ಬರೀ ಹಿಡಿಯುತ್ತಿತ್ತು, ಇದು ಕಳಿಸುತ್ತದೆ ಕೂಡ. ಆ್ಯಂಟೆನಾದಿಂದ ಒಂದು ಕೇಬಲ್ ಕೆಳಗಿಳಿದು ಪುಟ್ಟ ಪೆಟ್ಟಿಗೆಗೆ, ಅಲ್ಲಿಂದ ಮಾಮೂಲಿ ವೈ-ಫೈ ರೂಟರ್‌ಗೆ ಸೇರುತ್ತದೆ. ನಿಮ್ಮ ಫೋನ್ ಮಾತನಾಡುವುದು ಆ ರೂಟರ್ ಜೊತೆಗೆ. ಹಾಗಾಗಿ ಹೊಸ ಫೋನ್ ಕೊಳ್ಳಬೇಕಿಲ್ಲ.

ಊರಿಗೆ ಬಂದ ಫೈಬರ್‌ಗೂ ಮನೆಯ ವೈ-ಫೈಗೂ ನಡುವಿನ ಈ ತುಂಡು ದಾರಿಯೇ ಹಳ್ಳಿಗಳಲ್ಲಿ ಕಡಿದುಹೋಗಿರುವುದು.

ಟಿವಿ ನೋಡುವವರಿಗೆ ತೊಂದರೆ ಆಗುವುದಿಲ್ಲವೇ?

ಅಮೆರಿಕದ ದೂರಸಂಪರ್ಕ ನಿಯಂತ್ರಕ ಎಫ್‌ಸಿಸಿ 2008ರ ನವೆಂಬರ್‌ನಲ್ಲಿ ಈ ಬಳಕೆಗೆ ಒಪ್ಪಿಗೆ ಕೊಡುವ ಮೊದಲು ಹೆಚ್ಚು ಜಗಳ ನಡೆದದ್ದು ಇದರ ಮೇಲೆಯೇ. ಟಿವಿ ಪ್ರಸಾರಕರ ಸಂಘ ಬಲವಾಗಿ ವಿರೋಧಿಸಿತು. ತಂತಿಯಿಲ್ಲದ ಮೈಕ್‌ಗಳೂ ಇದೇ ಖಾಲಿ ಚಾನೆಲ್‌ಗಳಲ್ಲಿ ಕೆಲಸ ಮಾಡುವುದರಿಂದ ರಂಗಮಂದಿರಗಳು, ಚರ್ಚುಗಳು ಆತಂಕ ಹೇಳಿಕೊಂಡವು. ಗಾಯಕಿ ಡಾಲಿ ಪಾರ್ಟನ್ ಕೂಡ ಎಫ್‌ಸಿಸಿಗೆ ಪತ್ರ ಬರೆದರು.

ಇದಕ್ಕೆ ಕಂಡುಕೊಂಡ ಪರಿಹಾರ ದತ್ತಸಂಚಯ (ಡೇಟಾಬೇಸ್). ಉಪಕರಣ ಚಾಲೂ ಆದ ಕೂಡಲೇ ತಾನಿರುವ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಒಂದು ಅಧಿಕೃತ ದತ್ತಸಂಚಯಕ್ಕೆ ಕಳಿಸುತ್ತದೆ. ಸುತ್ತಲಿನ ಟಿವಿ ಗೋಪುರಗಳು ಎಲ್ಲಿವೆ, ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡುತ್ತಿವೆ ಎಂಬುದೆಲ್ಲ ಅದಕ್ಕೆ ಗೊತ್ತು. ಈ ಜಾಗದಲ್ಲಿ ಇಂತಿಂಥ ಚಾನೆಲ್ ಬಳಸು, ಇಷ್ಟೇ ಶಕ್ತಿ ಬಳಸು ಎಂದು ಅದು ಉತ್ತರಿಸುತ್ತದೆ. ಉತ್ತರ ಬರುವವರೆಗೆ ಉಪಕರಣ ತುಟಿ ಬಿಚ್ಚುವಂತಿಲ್ಲ. ನಿಯತವಾಗಿ ಮತ್ತೆ ಮತ್ತೆ ಕೇಳುತ್ತಲೂ ಇರಬೇಕು. ಯಾರಾದರೂ ಹೊಸ ಪ್ರಸಾರ ಆರಂಭಿಸಿದರೆ ಆ ಚಾನೆಲ್ ಬಿಟ್ಟು ಬೇರೆಯದಕ್ಕೆ ಹೋಗಬೇಕು. ಬೇರೆಯದು ಇಲ್ಲದಿದ್ದರೆ ಸುಮ್ಮನಾಗಬೇಕು. ಬೀಳು ಬಿದ್ದ ಹೊಲವನ್ನು ಗೇಣಿಗೆ ಮಾಡಿದ ಹಾಗೆ ಇದು, ಆದರೆ ಇಲ್ಲಿ ಉಳುವವನು ಎಂದಿಗೂ ಹೊಲದೊಡೆಯನಾಗುವುದಿಲ್ಲ.

ಕಾಗದದ ಮೇಲಿನ ಈ ನಿಯಮ ನೆಲದಲ್ಲೂ ನಿಲ್ಲುತ್ತದೆಯೇ ಎಂದು 2013ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನೋಡಿದರು. ಟಿವಿ ಚಾನೆಲ್‌ಗಳು ಸಾಕಷ್ಟು ಒತ್ತಾಗಿರುವ ನಗರವನ್ನೇ ಆರಿಸಿಕೊಂಡದ್ದು ಒಳ್ಳೆಯದಾಯಿತು. ಗೂಗಲ್ ಮತ್ತು ಸ್ಥಳೀಯ ಸಂಸ್ಥೆಗಳು ಸೇರಿ ಆ ನಗರದ ಟೈಗರ್‌ಬರ್ಗ್ ಪ್ರದೇಶದಿಂದ ಹತ್ತು ಶಾಲೆಗಳಿಗೆ ಸಂಪರ್ಕ ಕೊಟ್ಟರು. ಟಿವಿ ಪ್ರಸಾರಕ್ಕೆ ಅಡ್ಡಿಯಾದದ್ದು ಕಂಡುಬರಲಿಲ್ಲ. ಅದರ ಆಧಾರದ ಮೇಲೆ ಆ ದೇಶದ ನಿಯಂತ್ರಕರು 2018ರಲ್ಲಿ ನಿಯಮಾವಳಿಯನ್ನೇ ತಂದರು.

ವೇಗ ಎಷ್ಟು ಸಿಗುತ್ತದೆ?

ಇಲ್ಲಿ ಉತ್ಪ್ರೇಕ್ಷೆ ಮಾಡುವವರು ಬಹಳ. ತಾಂತ್ರಿಕ ಮಾನಕಗಳನ್ನು ರೂಪಿಸುವ ಐಇಇಇ ಸಂಸ್ಥೆ ಈ ಬಳಕೆಗೆಂದು 2011ರಲ್ಲಿ ಹೊರತಂದ 802.22 ಮಾನಕದ ಪ್ರಕಾರ ಒಂದು ಟಿವಿ ಚಾನೆಲ್‌ನಲ್ಲಿ ಸೆಕೆಂಡಿಗೆ ಸುಮಾರು 22 ಮೆಗಾಬಿಟ್ ಸಾಗಬಹುದು, ಒಳ್ಳೆಯ ಸಂದರ್ಭದಲ್ಲಿ 100 ಕಿಲೋಮೀಟರ್‌ವರೆಗೂ ಸಂಕೇತ ಮುಟ್ಟಬಹುದು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಹೇಳಿ ಜನರನ್ನು ನಂಬಿಸುವುದು ತಪ್ಪು. ಪೂರ್ತಿ ವೇಗ ಸಿಗುವುದು ಹತ್ತಿರದವರಿಗೆ. ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ. ಆ 22 ಮೆಗಾಬಿಟ್ ಕೂಡ ಎಲ್ಲ ಗ್ರಾಹಕರಿಗೂ ಸೇರಿದ್ದು. ಎರಡು ಮೂರು ಚಾನೆಲ್‌ಗಳನ್ನು ಜೋಡಿಸಿ ವೇಗ ಹೆಚ್ಚಿಸಬಹುದು. ನಮ್ಮಲ್ಲಿ ಖಾಲಿ ಚಾನೆಲ್‌ಗಳಿಗೆ ಬರವಿಲ್ಲದ್ದರಿಂದ ಈ ದಾರಿ ಅಮೆರಿಕಕ್ಕಿಂತ ನಮಗೇ ಹೆಚ್ಚು ಒದಗುತ್ತದೆ.

ಒಂದು ಶಾಲೆಯ ಪಾಠ, ಆಸ್ಪತ್ರೆಯಿಂದ ವೈದ್ಯರ ಜೊತೆ ವಿಡಿಯೊ ಮಾತು, ಪಡಿತರ ಅಂಗಡಿಯ ಬೆರಳಚ್ಚು ಯಂತ್ರ, ಪಹಣಿ ಪಡೆಯುವುದು, ಹಣ ಪಾವತಿ, ಇವಕ್ಕೆ ಧಾರಾಳವಾಗಿ ಸಾಕು. ಊರಿನ ಪ್ರತಿ ಮನೆಯಲ್ಲೂ ರಾತ್ರಿ ಎಂಟಕ್ಕೆ ಏಕಕಾಲದಲ್ಲಿ ಸಿನಿಮಾ ನೋಡುವುದಕ್ಕೆ ಸಾಲುವುದಿಲ್ಲ. ಅದಕ್ಕೆ ಫೈಬರೇ ಬೇಕು.

ಎಲ್ಲಿಯಾದರೂ ಇದು ನಿಜವಾಗಿ ನಡೆದಿದೆಯೇ?

ಮೊದಲನೆಯದು ಅಮೆರಿಕದ ವರ್ಜೀನಿಯಾ ರಾಜ್ಯದ ಕ್ಲಾಡ್‌ವಿಲ್. ಪ್ಯಾಟ್ರಿಕ್ ಕೌಂಟಿಯ ಗುಡ್ಡಗಾಡು ಊರು, ಸುತ್ತ ದಟ್ಟ ಮರಗಳು. 2009ರ ಅಕ್ಟೋಬರ್‌ನಲ್ಲಿ ಅಲ್ಲಿ ಪ್ರಾಯೋಗಿಕ ಪರವಾನಗಿ ಪಡೆದು ಜಾಲ ಹಾಕಿದರು. ತಂತಿ ಬಂದು ನಿಂತ ಜಾಗದಿಂದ ಊರಿನ ಶಾಲೆಗೆ ಮತ್ತು ಅಂಗಡಿಸಾಲಿನ ವೈ-ಫೈಗೆ ಟಿವಿ ತರಂಗಾಂತರದಲ್ಲಿ ಸಂಪರ್ಕ ಕೊಟ್ಟರು. ಮರಗುಡ್ಡಗಳ ನಡುವೆ ಇದು ನಡೆಯುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಂಡಿತು. 2012ರ ಆರಂಭದಲ್ಲಿ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಮೊದಲ ವಾಣಿಜ್ಯ ಜಾಲ ಶುರುವಾಯಿತು.

ನನ್ನ ಮಟ್ಟಿಗೆ ಅಮೆರಿಕದ ಊರುಗಳಿಗಿಂತ ಕೀನ್ಯಾದ ನನ್ಯುಕಿ ಹೆಚ್ಚು ಪಾಠ ಹೇಳುತ್ತದೆ. ಲೈಕಿಪಿಯಾ ಕೌಂಟಿಯ ಈ ಪಟ್ಟಣದ ಸುತ್ತ 2013ರಲ್ಲಿ ಮೈಕ್ರೋಸಾಫ್ಟ್ ಮತ್ತು ಕೀನ್ಯಾ ಸರ್ಕಾರ ಸೇರಿ ಮವಿಂಗು ಎಂಬ ಯೋಜನೆ ನಡೆಸಿದವು. ವಿದ್ಯುತ್ ಇಲ್ಲದ ಕಡೆ ಜಾಲ ಹಾಕಬೇಕಿತ್ತು, ಆದ್ದರಿಂದ ಮೂಲ ಕೇಂದ್ರಗಳನ್ನು ಸೌರಶಕ್ತಿಯಲ್ಲಿ ಓಡಿಸಿದರು. ಗಕಾವಾ ಪ್ರೌಢಶಾಲೆಯಂಥ ಹಳ್ಳಿ ಶಾಲೆಗಳು, ಚಿಕಿತ್ಸಾಲಯ, ಸರ್ಕಾರಿ ಕಚೇರಿ ಜಾಲಕ್ಕೆ ಸೇರಿದವು. ಇಷ್ಟು ಕಡಿಮೆ ವಿದ್ಯುತ್ತಿನಲ್ಲಿ, ಸೌರಫಲಕದ ಭರವಸೆಯ ಮೇಲೆ ಒಂದು ಜಾಲ ನಡೆಯುತ್ತದೆ ಎಂಬುದು ದಿನವಿಡೀ ಕರೆಂಟ್ ಹೋಗಿಬರುವ ನಮ್ಮ ಊರುಗಳಿಗೆ ಬಹಳ ಮುಖ್ಯ.

ಫಿಲಿಪ್ಪೀನ್ಸ್‌ನ ಬೊಹೊಲ್ ದ್ವೀಪದ್ದು ಇನ್ನೊಂದು ಬಗೆ. ಅಲ್ಲಿ ಕರಾವಳಿಯ ಮೀನುಗಾರರ ಸರ್ಕಾರಿ ನೋಂದಣಿಗೆ ಇದನ್ನು ಬಳಸಿದರು. ಮೀನುಗಾರ ಪಟ್ಟಣದ ಕಚೇರಿಗೆ ಅಲೆಯುವ ಬದಲು, ನೋಂದಣಿಯ ಸಿಬ್ಬಂದಿಯೇ ತೀರದ ಹಳ್ಳಿಗೆ ಬಂದು ಅಲ್ಲಿಂದಲೇ ವಿವರ ಕಳಿಸುವ ವ್ಯವಸ್ಥೆ ಅದು. 2013ರ ಅಕ್ಟೋಬರ್ 15ರಂದು ಬೊಹೊಲ್‌ನಲ್ಲಿ 7.2 ತೀವ್ರತೆಯ ಭೂಕಂಪವಾದಾಗ ಪರಿಹಾರ ಕಾರ್ಯಕ್ಕೂ ಈ ಸಂಪರ್ಕಗಳು ಒದಗಿಬಂದವು. ಹಗುರವಾದ ಆ್ಯಂಟೆನಾ, ಸಣ್ಣ ಬ್ಯಾಟರಿ, ನೇರ ನೋಟದ ಹಂಗಿಲ್ಲ, ಹೀಗಾಗಿ ವಿಪತ್ತಿನ ವೇಳೆ ಬೇಗ ನಿಲ್ಲಿಸಬಹುದು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದು ಊರೂರುಗಳ ಸಂಪರ್ಕ ಕಡಿದುಹೋದದ್ದನ್ನು ನೆನೆದರೆ ಈ ಗುಣದ ಬೆಲೆ ತಿಳಿಯುತ್ತದೆ.

ಭಾರತದಲ್ಲಿ ಯಾರೂ ಪ್ರಯತ್ನಿಸಲಿಲ್ಲವೇ?

ಪ್ರಯತ್ನಿಸಿದರು, ಚೆನ್ನಾಗಿಯೇ ಪ್ರಯತ್ನಿಸಿದರು. ಆಗ ಐಐಟಿ ಬಾಂಬೆಯ ಪ್ರಾಧ್ಯಾಪಕರಾಗಿದ್ದ ಅಭಯ್ ಕರಂದೀಕರ್ ಅವರ ತಂಡ ಮಹಾರಾಷ್ಟ್ರದ ಪಾಲ್ಘರ್ ಭಾಗದಲ್ಲಿ, ಖಾಮ್ಲೋಲಿ ಹಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು, ಸುತ್ತಲಿನ ಊರುಗಳಿಗೆ ಟಿವಿ ತರಂಗಾಂತರದಲ್ಲಿ ಸಂಪರ್ಕ ಕೊಟ್ಟಿತು. ಮುಂಬೈನಿಂದ ಬಹಳ ದೂರವೇನೂ ಇಲ್ಲದ, ಆದರೂ ಇಂಟರ್‌ನೆಟ್ ಕಾಣದ ಆದಿವಾಸಿ ಪ್ರದೇಶ ಅದು. ಗೋಪುರದಿಂದ ಹಳ್ಳಿಗಳವರೆಗೆ ಟಿವಿ ತರಂಗಾಂತರ, ಹಳ್ಳಿಯೊಳಗೆ ವೈ-ಫೈ. ಉಪಕರಣವನ್ನು ಹೊರಗಿನಿಂದ ತರಿಸುವ ಬದಲು ಕಡಿಮೆ ಖರ್ಚಿನಲ್ಲಿ ತಾವೇ ರೂಪಿಸಲು ತಂಡ ಕೈಹಾಕಿತು. ಗ್ರಾಮ ಮಾರ್ಗ ಎಂಬ ಹೆಸರಿನ ಈ ಯೋಜನೆಗೆ 2017ರಲ್ಲಿ ಮೊಜಿಲ್ಲಾ ಸಂಸ್ಥೆಯ ಈಕ್ವಲ್ ರೇಟಿಂಗ್ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು.

ಆ ಯೋಜನೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹಣದ ಏರ್ಪಾಡು. ಪಂಚಾಯಿತಿಯನ್ನು ಬರೀ ಫಲಾನುಭವಿಯಾಗಿ ಕೂರಿಸದೆ ಪಾಲುದಾರನನ್ನಾಗಿ ಮಾಡಿಕೊಂಡರು. ಊರಿನದೇ ಒಬ್ಬ ಯುವಕನೋ ಯುವತಿಯೋ ಜಾಲ ನೋಡಿಕೊಳ್ಳುವುದು, ಬಂದ ಆದಾಯದಲ್ಲಿ ಪಾಲು ಪಡೆಯುವುದು. ಹೊರಗಿನವರು ಬಂದು ಪೆಟ್ಟಿಗೆ ಇಟ್ಟು ಹೋದ ಎಷ್ಟೋ ಯೋಜನೆಗಳು ಮೊದಲ ಸಿಡಿಲಿಗೇ ಸತ್ತಿವೆ. ಕೆಟ್ಟದ್ದನ್ನು ಸರಿಪಡಿಸುವವರು ಊರಿನಲ್ಲೇ ಇಲ್ಲದಿದ್ದರೆ ಯಾವ ತಂತ್ರಜ್ಞಾನವೂ ಉಳಿಯದು.

ಇದರ ಹೊರತಾಗಿ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಹರಿಸಾಲ್, ಆಂಧ್ರದ ಶ್ರೀಕಾಕುಳಂನಲ್ಲೂ ಮೈಕ್ರೋಸಾಫ್ಟ್ ಹೆಸರಿನೊಂದಿಗೆ ಪ್ರಾಯೋಗಿಕ ಯೋಜನೆಗಳು ಸುದ್ದಿಯಾದವು.

ಕರ್ನಾಟಕದ ಪಾಲು ಚಿಪ್‌ನಲ್ಲಿದೆ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಪೃಥ್ವಿ ಎಂಬ ಚಿಪ್ ಸರಣಿಯನ್ನು ರೂಪಿಸಿತು. ತಂತ್ರಾಂಶ ಬದಲಿಸಿ ಬೇರೆ ಬೇರೆ ಪ್ರಸಾರ ಮಾನಕಗಳಿಗೆ ಒಗ್ಗಿಸಬಹುದಾದ ರೇಡಿಯೊ ಚಿಪ್ ಅದು. ಅದರ ಮೇಲೆ ಟಿವಿ ವೈಟ್ ಸ್ಪೇಸ್ ಉಪಕರಣವನ್ನೂ ಕಟ್ಟಿ, ಮೇಘದೂತ ಎಂದು ಹೆಸರಿಟ್ಟರು. 2022ರಲ್ಲಿ ಬೆಂಗಳೂರಿನದೇ ತೇಜಸ್ ನೆಟ್‌ವರ್ಕ್ಸ್ ಈ ಕಂಪನಿಯನ್ನು ಕೊಂಡಿತು. ಚಿಪ್ಪೂ ಇಲ್ಲೇ, ಎಂಜಿನಿಯರುಗಳೂ ಇಲ್ಲೇ, ಅದನ್ನು ಬಳಸಬೇಕಾದ ಮಲೆನಾಡಿನ ಊರುಗಳು ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ ಪ್ರಯಾಣದಷ್ಟು ದೂರದಲ್ಲಿ.

ಹಾಗಾದರೆ ಇದು ನಮ್ಮ ಊರಿಗೆ ಏಕೆ ಬರಲಿಲ್ಲ?

ಕಾರಣಗಳು ಒಂದರ ಬಾಲ ಒಂದು ಹಿಡಿದುಕೊಂಡಿವೆ.

2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 2ಜಿ ಪ್ರಕರಣದಲ್ಲಿ 122 ಪರವಾನಗಿಗಳನ್ನು ರದ್ದು ಮಾಡಿತು. ತರಂಗಾಂತರ ದೇಶದ ಸಂಪತ್ತು, ಅದನ್ನು ಬೇಕಾದವರಿಗೆ ಹಂಚುವಂತಿಲ್ಲ ಎಂಬ ಎಚ್ಚರಿಕೆ ಆಡಳಿತದ ಮೂಳೆಯವರೆಗೆ ಇಳಿಯಿತು. ಅದು ಬೇಕಾಗಿದ್ದ ಎಚ್ಚರಿಕೆಯೇ. ಆದರೆ ಅದರ ನಂತರ ಹರಾಜಿಲ್ಲದೆ ಯಾವ ತುಂಡನ್ನೂ ಮುಟ್ಟಲು ಅಧಿಕಾರಿಗಳಿಗೆ ಧೈರ್ಯ ಸಾಲದಾಯಿತು. ಮೊಬೈಲ್ ಕಂಪನಿಗಳ ಸಂಘವೂ ಇದೇ ವಾದ ಹಿಡಿಯಿತು: ನಾವು ಸಾವಿರಾರು ಕೋಟಿ ಕೊಟ್ಟು ಕೊಳ್ಳುವ ವಸ್ತುವನ್ನು ಇನ್ನೊಬ್ಬರಿಗೆ ಪುಕ್ಕಟೆ ಕೊಡುವುದು ಯಾವ ನ್ಯಾಯ? ಕೇಂದ್ರ ಸರ್ಕಾರ ಸಂಶೋಧನೆಗೆ ಪ್ರಾಯೋಗಿಕ ಪರವಾನಗಿ ಕೊಟ್ಟಿತು, ವಾಣಿಜ್ಯ ಬಳಕೆಗೆ ಒಪ್ಪಲಿಲ್ಲ.

ಪ್ರಾಯೋಗಿಕ ಪರವಾನಗಿಯ ಮೇಲೆ ಉದ್ಯಮ ಕಟ್ಟಲು ಆಗುವುದಿಲ್ಲ. ಲಕ್ಷಗಟ್ಟಲೆ ಪೆಟ್ಟಿಗೆ ಮಾರಾಟವಾಗುವ ಭರವಸೆ ಇದ್ದರೆ ಮಾತ್ರ ಒಂದೊಂದರ ಬೆಲೆ ಇಳಿಯುತ್ತದೆ. ಬೆಲೆ ಇಳಿದರೆ ಮಾತ್ರ ಪಂಚಾಯಿತಿಗೆ ಕೈಗೆಟುಕುತ್ತದೆ. ವೈ-ಫೈ ಅಷ್ಟು ಅಗ್ಗವಾದದ್ದು ಯಾರೂ ಹರಾಜಿನಲ್ಲಿ ಕೊಳ್ಳಬೇಕಿಲ್ಲದ ತರಂಗಾಂತರ ಅದಕ್ಕೆ ಸಿಕ್ಕಿದ್ದರಿಂದ. ಪಾಲ್ಘರ್‌ನ ತಂಡ ಮುಂದೆ 25 ಹಳ್ಳಿಗಳಿಗೆ ವಿಸ್ತರಿಸಿದಾಗ ಮುಖ್ಯವಾಗಿ ನೆಚ್ಚಿಕೊಂಡದ್ದು ಪರವಾನಗಿ ಬೇಡದ 5.8 ಗಿಗಾಹರ್ಟ್ಸ್ ಅನ್ನೇ.

ಹರಾಜಿನ ವಾದಕ್ಕೆ ನನ್ನ ಉತ್ತರ ಇಷ್ಟು. 2022ರ ಹರಾಜಿನಲ್ಲಿ ಸರ್ಕಾರ 600 ಮೆಗಾಹರ್ಟ್ಸ್ ಪಟ್ಟಿಯನ್ನೂ ಮಾರಾಟಕ್ಕಿಟ್ಟಿತು, ಹಿಂದೆ ಟಿವಿಗೆಂದೇ ಎತ್ತಿಟ್ಟ ಯುಎಚ್‌ಎಫ್ ಹರವಿನ ಮೇಲ್ಭಾಗ ಅದು. ಒಬ್ಬರೂ ಬಿಡ್ ಮಾಡಲಿಲ್ಲ. ಕೊಳ್ಳುವವರಿಲ್ಲದ ವಸ್ತು ಬಳಸುವವರಿಗೂ ಸಿಗದೆ ಕೂತರೆ ದೇಶಕ್ಕೆ ಬಂದ ಲಾಭವೇನು? ತರಂಗಾಂತರ ಗಣಿಯ ಅದಿರಲ್ಲ, ಇಂದು ಬಳಸಿದರೆ ನಾಳೆಗೆ ತೀರುವುದಿಲ್ಲ. ಇಂದು ಬಳಸದೆ ಬಿಟ್ಟದ್ದು ನಾಳೆಗೆ ಉಳಿಯುವುದೂ ಇಲ್ಲ. ಮುಂದೆ ಯಾರಾದರೂ ಹಣ ಕೊಟ್ಟು ಕೊಂಡರೆ ದತ್ತಸಂಚಯದಲ್ಲಿ ಒಂದು ಸಾಲು ಬದಲಿಸಿದರೆ ಸಾಕು, ಹಳ್ಳಿಯ ಉಪಕರಣ ಆ ಚಾನೆಲ್ ಬಿಟ್ಟು ಸರಿಯುತ್ತದೆ.

ಈಗ ಈ ಪಟ್ಟಿಯ ಮೇಲೆ ಇನ್ನೊಂದು ಬೇಡಿಕೆಯೂ ಇದೆ. ಸಿಮ್ ಇಲ್ಲದೆ, ಡೇಟಾ ಖರ್ಚಾಗದೆ ಟಿವಿ ಕಾರ್ಯಕ್ರಮವನ್ನು ನೇರ ಮೊಬೈಲಿಗೆ ಪ್ರಸಾರ ಮಾಡುವ ಯೋಜನೆಯನ್ನು ಪ್ರಸಾರ ಭಾರತಿ ಮತ್ತು ಐಐಟಿ ಕಾನ್ಪುರ ಮುಂದಿಟ್ಟಿವೆ. ಬೆಂಗಳೂರು, ದೆಹಲಿಯ ಕರ್ತವ್ಯ ಪಥ, ನೋಯ್ಡಾಗಳಲ್ಲಿ ಅದರ ಪ್ರಯೋಗ ನಡೆಯಿತು. ಅದರಲ್ಲೂ ಸಾಂಖ್ಯದ ತಂತ್ರಜ್ಞಾನವೇ ಇದೆ. ಆ ಯೋಜನೆ ಬಂದರೂ ಪಟ್ಟಿಯೆಲ್ಲ ಎಲ್ಲ ಕಡೆಯೂ ತುಂಬಿಹೋಗುವುದಿಲ್ಲ. ಎರಡಕ್ಕೂ ಜಾಗ ಮಾಡುವ ನಿಯಮವನ್ನು ಈಗಲೇ ಬರೆದಿಡಬೇಕು.

ಅಮೆರಿಕದಲ್ಲಿ ಅನುಮತಿ ಇತ್ತಲ್ಲ, ಅಲ್ಲಿ ಏಕೆ ಮನೆಮಾತಾಗಲಿಲ್ಲ?

ನ್ಯಾಯವಾದ ಪ್ರಶ್ನೆ. ಅನುಮತಿ ಒಂದೇ ಸಾಕಾಗುವುದಿಲ್ಲ ಎಂಬುದಕ್ಕೆ ಅಮೆರಿಕ ಸಾಕ್ಷಿ. ನಿಯಮಗಳು ವರ್ಷಗಟ್ಟಲೆ ತಿದ್ದುಪಡಿಯಾಗುತ್ತಲೇ ಇದ್ದವು. ಅಷ್ಟರಲ್ಲಿ 2016-17ರಲ್ಲಿ ಎಫ್‌ಸಿಸಿ ಟಿವಿ ಕೇಂದ್ರಗಳಿಂದ 84 ಮೆಗಾಹರ್ಟ್ಸ್ ಬಿಡಿಸಿಕೊಂಡು, ಅದರಲ್ಲಿ 70 ಮೆಗಾಹರ್ಟ್ಸ್ ಅನ್ನು 1,980 ಕೋಟಿ ಡಾಲರ್‌ಗೆ ಮೊಬೈಲ್ ಕಂಪನಿಗಳಿಗೂ ಇತರರಿಗೂ ಮಾರಿತು. ಉಳಿದ ಕೇಂದ್ರಗಳು ಕೆಳಗಿನ ಚಾನೆಲ್‌ಗಳಲ್ಲಿ ಒತ್ತರಿಸಿಕೊಂಡು ಕೂತವು. ಸಂದುಗಳು ಕಿರಿದಾದವು, ಉಪಕರಣ ತಯಾರಕರು ಹಿಂಜರಿದರು.

2017ರ ಜುಲೈನಲ್ಲಿ ಮೈಕ್ರೋಸಾಫ್ಟ್ ಏರ್‌ಬ್ಯಾಂಡ್ ಎಂಬ ಯೋಜನೆ ಪ್ರಕಟಿಸಿ, ಐದು ವರ್ಷಗಳಲ್ಲಿ 20 ಲಕ್ಷ ಗ್ರಾಮೀಣ ಅಮೆರಿಕನ್ನರಿಗೆ ಬ್ರಾಡ್‌ಬ್ಯಾಂಡ್ ತಲುಪಿಸುತ್ತೇವೆ ಎಂದಿತು. ಟಿವಿ ವೈಟ್ ಸ್ಪೇಸ್ ಅದರ ನಡುಗಂಬ ಆಗಬೇಕಿತ್ತು. ಕ್ರಮೇಣ ಯೋಜನೆ ಬೇರೆ ತಂತ್ರಜ್ಞಾನಗಳನ್ನೂ ಸೇರಿಸಿಕೊಂಡಿತು. 2020ರ ಅಕ್ಟೋಬರ್‌ನಲ್ಲಿ ಎಫ್‌ಸಿಸಿ ಗ್ರಾಮೀಣ ಪ್ರದೇಶದಲ್ಲಿ ಶಕ್ತಿಯ ಮಿತಿಯನ್ನು 10ರಿಂದ 16 ವ್ಯಾಟ್‌ಗೆ, ಆ್ಯಂಟೆನಾ ಎತ್ತರದ ಮಿತಿಯನ್ನು 250ರಿಂದ 500 ಮೀಟರ್‌ಗೆ ಏರಿಸಿತು. ಬೇಕಾದ ತಿದ್ದುಪಡಿಯೇ, ಹತ್ತು ವರ್ಷ ತಡವಾಗಿ ಬಂತು. ಅದೇ ವರ್ಷ ಸ್ಟಾರ್‌ಲಿಂಕ್ ಉಪಗ್ರಹ ಸೇವೆಯ ಪರೀಕ್ಷೆಯೂ ಅಲ್ಲಿ ಶುರುವಾಗಿತ್ತು.

ನಮ್ಮ ಸ್ಥಿತಿ ಬೇರೆ. ಅಲ್ಲಿ ಇಲ್ಲದಿದ್ದದ್ದು ಖಾಲಿ ಚಾನೆಲ್, ನಮ್ಮಲ್ಲಿ ಅದು ಧಾರಾಳ.

ಈಗ 4ಜಿ, 5ಜಿ, ಉಪಗ್ರಹ ಎಲ್ಲ ಬಂದಿವೆ. ಇನ್ನೂ ಇದು ಬೇಕೇ?

ಟವರ್ ಬಂದ ಊರಿಗೆ ಬೇಡ. 2022ರಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಕೊಡುವ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು, ಅದು ಸ್ವಾಗತಾರ್ಹ. ಆದರೆ ಹಳ್ಳಿಗೆ ಟವರ್ ಬಂತು ಎಂದರೆ ಮಜರೆಗೂ ಬಂತು ಎಂದಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಮಳೆಯ ನಡುವೆ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ನಾಡೆಲ್ಲ ನೋಡಿದೆ. ಅಲ್ಲಿ ಸಿಗ್ನಲ್ ಇತ್ತು, ಮನೆಯಲ್ಲಿ ಇರಲಿಲ್ಲ. ಮೊಬೈಲ್ ಕಂಪನಿಗೆ ಹತ್ತು ಮನೆಗಳ ಮಜರೆಗಾಗಿ ಟವರ್ ನಿಲ್ಲಿಸಿದರೆ ಗಿಟ್ಟುವುದಿಲ್ಲ, ಅದು ಅವರ ವ್ಯಾಪಾರದ ಲೆಕ್ಕ. ಉಪಗ್ರಹ ಎಲ್ಲಿಗೂ ತಲುಪುತ್ತದೆ, ಆದರೆ ಆಕಾಶ ತೆರೆದಿರಬೇಕು ಮತ್ತು ತಿಂಗಳ ಶುಲ್ಕ ಕೊಡುವ ಶಕ್ತಿ ಇರಬೇಕು. ಪಂಚಾಯಿತಿಯವರೆಗೆ ಬಂದ ಸರ್ಕಾರಿ ಫೈಬರನ್ನು ಹತ್ತು ಮನೆಗಳವರೆಗೆ ಎಳೆದೊಯ್ಯುವ ಅಗ್ಗದ ದಾರಿಯಾಗಿ ಈ ತಂತ್ರಜ್ಞಾನಕ್ಕೆ ಇಂದೂ ಜಾಗವಿದೆ.

ಮಳೆ, ಸಿಡಿಲಿಗೆ ತಡೆಯುತ್ತದೆಯೇ?

ಈ ತರಂಗಾಂತರಕ್ಕೆ ಮಳೆ ಲೆಕ್ಕಕ್ಕೇ ಇಲ್ಲ. ಮಳೆ ಬಂದಾಗ ಡಿಟಿಎಚ್ ಚಿತ್ರ ಹೋಗುವ ಹಾಗೆ ಇಲ್ಲಿ ಆಗುವುದಿಲ್ಲ. ಒದ್ದೆಯಾದ ದಟ್ಟ ಎಲೆಗಳು ಸ್ವಲ್ಪ ಸಂಕೇತ ನುಂಗುತ್ತವೆ, ಆದ್ದರಿಂದ ಜಾಲ ಹಾಕುವವರು ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾಡಿ ಮುಗಿಸಬಾರದು. ಸಿಡಿಲು ಮಾತ್ರ ದೊಡ್ಡ ಶತ್ರು. ಒಳ್ಳೆಯ ಭೂಸಂಪರ್ಕ, ಸಿಡಿಲು ನಿರೋಧಕ ಹಾಕಲು ಅಂದಾಜು ಪಟ್ಟಿಯಲ್ಲಿ ಹಣ ಇಡದಿದ್ದರೆ ಮುಂಗಾರಿನ ಮೊದಲ ಗುಡುಗಿಗೇ ಪೆಟ್ಟಿಗೆ ಸುಡುತ್ತದೆ.

ವಿಕಿರಣದ ಅಪಾಯವಿದೆಯೇ?

ಈ ಉಪಕರಣಗಳ ಶಕ್ತಿ ಕೆಲವೇ ವ್ಯಾಟ್. ಇದೇ ತರಂಗಾಂತರದಲ್ಲಿ ಟಿವಿ ಗೋಪುರಗಳು ಕಿಲೋವ್ಯಾಟ್‌ಗಟ್ಟಲೆ ಶಕ್ತಿಯಲ್ಲಿ ದಶಕಗಳ ಕಾಲ ಪ್ರಸಾರ ಮಾಡಿವೆ. ಇದು ಜೀವಕೋಶದ ರಾಸಾಯನಿಕ ಬಂಧಗಳನ್ನು ಒಡೆಯುವ ಬಗೆಯ ವಿಕಿರಣವಲ್ಲ. ಮೊಬೈಲ್ ಟವರ್‌ಗಳ ವಿಕಿರಣಕ್ಕೆ ಭಾರತ ಇಟ್ಟಿರುವ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದರಷ್ಟು ಮಾತ್ರ.

ನಾನೇ ಉಪಕರಣ ತರಿಸಿ ಹಾಕಿಕೊಳ್ಳಬಹುದೇ?

ಬೇಡ. ಭಾರತದಲ್ಲಿ ಪರವಾನಗಿ ಇಲ್ಲದೆ ಈ ತರಂಗಾಂತರದಲ್ಲಿ ಸಂಕೇತ ಕಳಿಸುವುದು ಅಪರಾಧ. ಸಂಶೋಧನೆ ಮಾಡುವ ಕಾಲೇಜುಗಳು ದೂರಸಂಪರ್ಕ ಇಲಾಖೆಯಿಂದ ಪ್ರಾಯೋಗಿಕ ಪರವಾನಗಿ ಕೇಳಬಹುದು. ಮಲೆನಾಡು, ಕರಾವಳಿಯ ಎಂಜಿನಿಯರಿಂಗ್ ಕಾಲೇಜುಗಳು ಕೇಳಲೇಬೇಕು ಎಂಬುದು ನನ್ನ ಒತ್ತಾಯ. ಪಾಲ್ಘರ್‌ನ ಅಳತೆಗಳು ಪಾಲ್ಘರ್‌ನವು. ಪಶ್ಚಿಮಘಟ್ಟದ ಕಣಿವೆಗಳಲ್ಲಿ, ಅಡಿಕೆ ತೋಟದಲ್ಲಿ, ಆಷಾಢದ ಮಳೆಯಲ್ಲಿ ಸಂಕೇತ ಎಷ್ಟು ದೂರ ಹೋಗುತ್ತದೆ ಎಂಬ ಅಳತೆ ನಮ್ಮ ಕೈಯಲ್ಲೇ ಇರಬೇಕು.

ನಮ್ಮ ಪಂಚಾಯಿತಿ ಈಗಲೇ ಮಾಡಬಹುದಾದ್ದು ಏನಿದೆ?

ಮೊದಲು ಭಾರತ್‌ನೆಟ್ (ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆ) ಫೈಬರ್ ನಿಮ್ಮ ಕಚೇರಿಗೆ ಬಂದಿದೆಯೇ, ಬಂದಿದ್ದರೆ ಅದರಲ್ಲಿ ಬೆಳಕು ಓಡುತ್ತಿದೆಯೇ ನೋಡಿ. ಮೂಲೆಯಲ್ಲಿ ಪೆಟ್ಟಿಗೆ ಇದ್ದು ಸಂಪರ್ಕವೇ ಇಲ್ಲದ ಕಚೇರಿಗಳೂ ಇರುತ್ತವೆ. ಅದು ಸರಿಯಾಗದೆ ಮುಂದಿನ ಯಾವುದೂ ಆಗುವುದಿಲ್ಲ. ಅದು ಸರಿಯಿದ್ದರೆ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಪಿಎಂ-ವಾಣಿ ಯೋಜನೆಯ ಕೆಳಗೆ ಸಾರ್ವಜನಿಕ ವೈ-ಫೈ ಇಡಬಹುದು, ಇದಕ್ಕೆ ಪರವಾನಗಿ ಬೇಡ. ನೇರ ನೋಟ ಸಿಗುವ ಮಜರೆಗಳಿಗೆ 5 ಗಿಗಾಹರ್ಟ್ಸ್ ಸಂಪರ್ಕ ಎಳೆಯಬಹುದು. ಈ ಪಟ್ಟಿಯ ದೊಡ್ಡ ಭಾಗವನ್ನು ಸರ್ಕಾರ 2018ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಿದೆ.

ಇಷ್ಟಾದ ಮೇಲೂ ಉಳಿಯುವ ಮಜರೆಗಳ ಪಟ್ಟಿಯನ್ನು ಬರೆದಿಡಿ. 2023ರ ದೂರಸಂಪರ್ಕ ಕಾಯ್ದೆ ತರಂಗಾಂತರವನ್ನು ಹಂಚಿಕೊಂಡು ಬಳಸಲು, ಎರಡನೆಯವರಿಗೆ ಕೊಡಲು ಅವಕಾಶ ಮಾಡಿದೆ. ತರಂಗಾಂತರದ ವಿಚಾರವಾಗಿ ನಮ್ಮ ದೂರಸಂಪರ್ಕ ನಿಯಂತ್ರಕ ಟ್ರಾಯ್ ಸಮಾಲೋಚನಾ ಪತ್ರ ಹೊರಡಿಸಿದಾಗಲೆಲ್ಲ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕಳಿಸಬಹುದು. ಅಲ್ಲಿ ಮೊಬೈಲ್ ಕಂಪನಿಗಳು, ಪ್ರಸಾರಕರು, ಉಪಕರಣ ತಯಾರಕರು ಪುಟಗಟ್ಟಲೆ ಬರೆಯುತ್ತಾರೆ. ಗ್ರಾಮ ಪಂಚಾಯಿತಿಯ ಠರಾವು ಅಲ್ಲಿ ಅಪರೂಪ. ನಿಮ್ಮ ಠರಾವಿನಲ್ಲಿ ಈ ವಿವರ ಇರಲಿ: ಮಜರೆಯ ಹೆಸರು, ಮನೆಗಳ ಸಂಖ್ಯೆ, ಪಂಚಾಯಿತಿ ಕಚೇರಿಯಿಂದ ದೂರ, ನಡುವೆ ಇರುವುದು ಗುಡ್ಡವೋ ಕಾಡೋ ತೋಟವೋ, ಹತ್ತಿರದ ಟವರ್ ಎಷ್ಟು ದೂರ, ಮನೆಯೊಳಗೆ ಸಿಗ್ನಲ್ ಇದೆಯೋ ಇಲ್ಲವೋ, ಶಾಲೆಗೆ ಹೋಗುವ ಮಕ್ಕಳು ಎಷ್ಟು, ವಿದ್ಯುತ್ ದಿನಕ್ಕೆ ಎಷ್ಟು ಗಂಟೆ ಇರುತ್ತದೆ.